ಅಮ್ಹಾರಿಕ್‌ನಲ್ಲಿ ನಮ್ಮ ‘ರೆ’ ಎಲ್ಲಿ ಕೂತಿದೆ?

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾಗೆ ಬಂದಿಳಿದ ನಮ್ಮವರು ಅಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ ಮೊದಲ ವಾರದಲ್ಲೇ ಕಲಿಯುವ ಮಾತು ‘ವೆರಾಜ್ ಅಲ್ಲೆ’. ಮಿನಿಬಸ್ಸಿನಲ್ಲಿ ‘ಇಳಿಯೋರಿದ್ದಾರೆ’ ಅಂತ ಕೂಗುವುದು. ಆಮೇಲೆ ಸಿಕ್ಕಿಹಾಕಿಕೊಳ್ಳುವುದು ‘ಮಳೆ ಬಂದರೆ’, ‘ದುಡ್ಡಿದ್ದರೆ’ ಎನ್ನಬೇಕಾದಾಗ.

ನಮ್ಮ ‘ರೆ’ ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ, ಅವರ ‘ಕೆ’ ತಲೆಗೆ. ‘ಜ಼ೆನ್ನೆಬೆ’ ಅಂದರೆ ಮಳೆ ಸುರಿಯಿತು. ‘ಜ಼ಿನಾಬ್ ಕೆಜ಼ೆನ್ನೆಬೆ’ ಅಂದರೆ ಮಳೆ ಸುರಿದರೆ. ನಾಳಿನ ಮಳೆಗೂ ಭೂತಕಾಲದ ರೂಪವೇ. ಇಂಗ್ಲಿಷ್ ಪುಸ್ತಕ ಹಿಡಿದು ಕಲಿಯುವವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ನಮಗೇನು, ‘ಬಂದರೆ’ಯೊಳಗೂ ‘ಬಂದ’ ಕೂತಿದೆಯಲ್ಲ! ಷರತ್ತು ಮೊದಲು, ಮುಖ್ಯ ಕ್ರಿಯಾಪದ ಕಟ್ಟಕಡೆಗೆ ಅನ್ನುವುದೂ ನಮ್ಮ ಹಾಗೇ. ಈ ‘ಕೆ’ ರೂಪದ ಬೆನ್ನಿಗೇ ‘ಬೆಹ್ವಾಲಾ’ ಕೇಳಿಸಿತೋ, ಅದು ‘ರೆ’ ಅಲ್ಲ, ‘ಮೇಲೆ’: ‘ಕೆಮೆತ್ತಾ ಬೆಹ್ವಾಲಾ’, ಬಂದ ಮೇಲೆ.

ಎಡವುವ ಜಾಗ ಬೇರೆ ಇದೆ. ನಾನು, ನೀನು, ಅವಳು ಯಾರೇ ಆಗಲಿ, ನಮಗೆ ಒಂದೇ ‘ಬಂದರೆ’ ಸಾಕು. ಅವರಿಗೆ ಸಾಲದು. ನಾನು ಬಂದರೆ ‘ಕೆಮೆತ್ತಾಹು’, ನೀನು ಗಂಡಸಾದರೆ ‘ಕೆಮೆತ್ತಾಹ್’, ಹೆಂಗಸಾದರೆ ‘ಕೆಮೆತ್ತಾಶ್’, ಹಿರಿಯರಿಗೆ ‘ಕೆಮೆತ್ತು’. ಮೊದಲ ತಿಂಗಳು ಮನೆ ಮಾಲಕಿ ಅಜ್ಜಿಗೆ ‘ನಾಳೆ ಬಂದರೆ ಬಾಡಿಗೆ ಕೊಡ್ತೀನಿ’ ಅನ್ನಲು ಹೋಗಿ ‘ಕೆಮೆತ್ತಾಹ್’ ಅಂದುಬಿಟ್ಟೆ. ‘ವೆಂದ್ ನೆಞ್ ಇಂದೆ?’ ಅಂತ ನಕ್ಕರು. ನಾನೇನು ಗಂಡಸಾ ಅಂತ. ಏಕವಚನದ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು, ಪುಣ್ಯ.

‘ಬರದಿದ್ದರೆ’ಗೆ ‘ಕಲ್ಮೆತ್ತಾ’. ಅಷ್ಟೇ, ನಮ್ಮದಕ್ಕಿಂತ ಚಿಕ್ಕದು.

ಇನ್ನೊಂದು ತಲೆಯಂಟು ‘ಬಿ’. ಬಂದಾರೋ ಇಲ್ಲವೋ ಅನ್ನುವ ಅನುಮಾನವಿದ್ದರೆ, ಅಥವಾ ಕೊಂಚ ನಯವಾಗಿ ಹೇಳಬೇಕಿದ್ದರೆ, ಅದು. ‘ಬಿಮೆತಾ ದೆಸ್ ಯಿಲೆಞಾಲ್’, ಅವನು ಬಂದರೆ ನನಗೆ ಖುಷಿ. ಇದಕ್ಕೆ ‘ಮ್’ ಸೇರಿಸಿದರೆ ಬಂದರೂ. ಆ ‘ಮ್’ ನಮ್ಮ ‘ಊ’ ಮಾಡುವ ಕೆಲಸವನ್ನೇ ಮಾಡುತ್ತದೆ. ದಿನಕ್ಕೆ ನೂರು ಸಲ ಕಿವಿಗೆ ಬೀಳುವ ‘ಬಿಹೊನಿಮ್’ ಬಿಡಿಸಿ ನೋಡಿ: ಆದರೆ, ಊ, ಆದರೂ. ಇದು ಹೊಳೆದ ದಿನ ನಾನು ಮಿನಿಬಸ್ಸಿನಲ್ಲಿ ಒಬ್ಬನೇ ನಕ್ಕಿದ್ದೆ.

ಕೈತಪ್ಪಿದ್ದಕ್ಕೆ ಮರುಗಲು ‘ನೊರೊ’, ‘ನೆಬ್ಬೆರ್’ ಎರಡೂ ಬೇಕು. ‘ಗೆನ್ಜ಼ೆಬ್ ಬಿನೊರೆಞ್ ನೊರೊ ಇಗೆಜ಼ಾ ನೆಬ್ಬೆರ್’: ದುಡ್ಡಿದ್ದಿದ್ದರೆ ಕೊಳ್ಳುತ್ತಿದ್ದೆ. ‘ಇಗೆಜ಼ಾ ನೆಬ್ಬೆರ್’ ಮೊದಲೆಲ್ಲ ಕೊಳ್ಳುತ್ತಿದ್ದೆ ಎಂಬುದಕ್ಕೂ ಸಲ್ಲುತ್ತದೆ, ನಮ್ಮ ‘ಕೊಳ್ಳುತ್ತಿದ್ದೆ’ಯ ಹಾಗೇ.

ಓದುವಾಗ ಒಂದು ಎಚ್ಚರ. ಅಮ್ಹಾರಿಕ್ ಬರೆಯುವ ಫಿದೆಲ್ ಲಿಪಿಯಲ್ಲಿ ಒತ್ತಕ್ಷರವಿಲ್ಲ. ‘ಕಲ್ಲೆ’ ಅಂದರೆ ಇದ್ದರೆ, ‘ಕಲೆ’ಗೆ ‘ಅಂದರೆ’ (ಹೇಳಿದರೆ) ಅಂತ ಅರ್ಥ. ಬರೆಯುವುದು ಮಾತ್ರ ಒಂದೇ ಥರ. ಎರಡನೆಯದನ್ನು ನೀವು ಬೇಗ ಕೇಳುತ್ತೀರಿ. ನಲ್ಲಿ ಯಾವಾಗ ರಿಪೇರಿಯಾಗುತ್ತದೆ ಅಂತ ಕೇಳಿ: ‘ನಾಳೆ, ಎಗ್ಜ಼ಿಆಬಿಹೇರ್ ಕಲೆ’. ದೇವರು ಹೂಂ ಅಂದರೆ. ಅಲ್ಲಿಯವರೆಗೆ ಬಕೆಟ್ ತುಂಬಿಸಿಟ್ಟುಕೊಂಡಿರಿ.