128ನೇ ಲಾಟ್‌ನಲ್ಲಿ ಸಿಕ್ಕಿಬಿದ್ದೆ

ಮೂರನೇ ಸೆಮಿಸ್ಟರ್‌ನಲ್ಲಿ ನಮಗೆ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇತ್ತು. ಅದಕ್ಕೂ ಮುಂಚೆ ಸಿ ಪ್ಲಸ್ ಪ್ಲಸ್ ಮುಗಿದಿತ್ತು. ಕ್ಲಾಸ್ ಅಂದರೆ ಅಚ್ಚು, ಆಬ್ಜೆಕ್ಟ್ ಅಂದರೆ ಆ ಅಚ್ಚಿನಿಂದ ತೆಗೆದ ವಸ್ತು ಅಂತ ಬರೆದು ಪಾಸೂ ಆಗಿದ್ದೆ. ಹಾಗಾಗಿ ಇದೇನು ಮಹಾ ಅಂದುಕೊಂಡೆ. ಲ್ಯಾಬ್‌ನಲ್ಲಿ ಮೊದಲ ಪ್ರೋಗ್ರಾಂ ಅನಿಮಲ್, ಅದರ ಕೆಳಗೆ ಡಾಗ್, ಕ್ಯಾಟ್. ಹುಬ್ಬಳ್ಳಿ ವಿದ್ಯಾನಗರದ ರೂಮಿನಲ್ಲಿ ಕೂತು ಆ ನಾಯಿಯನ್ನು ಅದೆಷ್ಟು ಸಲ ಬೊಗಳಿಸಿದೆನೋ. ಆದರೆ "ಇದನ್ನ ಹಿಂಗ್ಯಾಕ ಬರದಿ?" ಅಂತ ಯಾರಾದರೂ ಕೇಳಿದ್ದರೆ ಬಾಯಿ ಬಿಡೋದಕ್ಕೆ ಆಗುತ್ತಿರಲಿಲ್ಲ.

ಮಿನಿ ಪ್ರಾಜೆಕ್ಟ್ ಬಂತು. ಕ್ಲಾಸಿನಲ್ಲಿ ಅರ್ಧ ಜನ ಲೈಬ್ರರಿ ಮ್ಯಾನೇಜ್‌ಮೆಂಟ್ ತಗೊಂಡರು, ಉಳಿದರ್ಧ ಬ್ಯಾಂಕ್ ಅಕೌಂಟ್. ನನಗೆ ಎರಡೂ ಬೇಜಾರು. ನಮ್ಮೂರು ಬ್ಯಾಡಗಿ. ಕಾಕಾ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ದೀಪಾವಳಿ ರಜೆಗೆ ರೈಲು ಹತ್ತಿ ಊರಿಗೆ ಹೋದಾಗ ಅವರ ಹಿಂದಿನ ಸೀಸನ್ನಿನ ಲೆಕ್ಕದ ಪುಸ್ತಕ ಕೇಳಿದೆ.

"ಯಾಕೋ ತಮ್ಮಾ, ನಮ್ಮ ಮ್ಯಾಲೆ ರೇಡ್ ಮಾಡಾಂವ ಏನು?" ಅಂದರು. ಕೊಟ್ಟರು.

ಪುಸ್ತಕದಲ್ಲಿ ಇರೋದು ಇಷ್ಟೇ. ರೈತ ಚೀಲ ತಂದು ಅಂಗಡಿ ಮುಂದೆ ಇಳಿಸುತ್ತಾನೆ. ಅದಕ್ಕೊಂದು ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಮಾಲು ನೋಡಿ ಟೆಂಡರ್ ಹಾಕುತ್ತಾರೆ. ಜಾಸ್ತಿ ಹಾಕಿದವನಿಗೆ ಲಾಟ್. ಆಮೇಲೆ ತೂಕ, ಬಿಲ್. ಬಿಲ್ಲಿನಲ್ಲಿ ಹಮಾಲಿ, ಲಾರಿ ಬಾಡಿಗೆ, ರೈತ ಮೊದಲೇ ತಗೊಂಡ ಮುಂಗಡ ಎಲ್ಲ ಕಳೆದು ಕೈಗೆ ಎಷ್ಟು ಅನ್ನೋದು. ಇದನ್ನೇ ಜಾವಾದಲ್ಲಿ ಬರೆದರೆ ಆಯ್ತಲ್ಲ!

ಮೊದಲ ದಿನ ಭಾರಿ ಹುರುಪು. ಮೆಣಸಿನಕಾಯಿ ಅಂತ ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸ್, ಅಂದರೆ ನೇರವಾಗಿ ಆಬ್ಜೆಕ್ಟ್ ಮಾಡಲಾಗದ ಬರೀ ಚೌಕಟ್ಟು. ಅದರ ಕೆಳಗೆ, ಅದರ ಗುಣ ಪಡೆಯುವ ಹಾಗೆ, ಡಬ್ಬಿ, ಕಡ್ಡಿ, ಗುಂಟೂರು ಅನ್ನೋ ತಳಿಗಳಿಗೆ ಮೂರು ಸಬ್‌ಕ್ಲಾಸ್. ಥೇಟ್ ನಾಯಿ-ಬೆಕ್ಕಿನ ಹಾಗೆ. ಅಷ್ಟರಲ್ಲಿ ಪುಸ್ತಕದಲ್ಲಿ ಕೋಲ್ಡ್ ಸ್ಟೋರೇಜ್ ಮಾಲು ಕಂಡಿತು. ಹೋದ ವರ್ಷದ ಕಾಯಿ, ಬಣ್ಣ ಕೆಡಬಾರದು ಅಂತ ತಂಪಿನಲ್ಲಿ ಇಟ್ಟಿದ್ದು. ಸರಿ, ಡಬ್ಬಿ-ಹೊಸದು, ಡಬ್ಬಿ-ಕೋಲ್ಡ್, ಕಡ್ಡಿ-ಹೊಸದು, ಕಡ್ಡಿ-ಕೋಲ್ಡ್... ಮೂರಿದ್ದದ್ದು ಆರಾಯಿತು. ತೊಟ್ಟು ತೆಗೆದದ್ದು, ತೆಗೆಯದ್ದು ಅಂತ ಸೇರಿಸಿದರೆ ಹನ್ನೆರಡು. ಫೈಲುಗಳ ಸಾಲು ನೋಡಿ ನನಗೇ ನಗು ಬಂತು. ಎಲ್ಲದರೊಳಗೂ ಇದ್ದದ್ದು ಒಂದೇ ಕೋಡ್, ಹೆಸರು ಮಾತ್ರ ಬೇರೆ. ಡಬ್ಬಿ ಆಗಲಿ ಕಡ್ಡಿ ಆಗಲಿ ತೂಗೋದು ಹಾಗೆಯೇ, ಮಾರೋದು ಹಾಗೆಯೇ. ಹೊಲದಲ್ಲಿ, ಅಡುಗೆಮನೆಯಲ್ಲಿ ಅವು ಬೇರೆ ಬೇರೆ. ನನ್ನ ಪ್ರೋಗ್ರಾಂಗೆ ಅವು ಬರೀ ಹೆಸರು. ಹನ್ನೆರಡೂ ಅಳಿಸಿ ಲಾಟ್ ಕ್ಲಾಸಿನಲ್ಲಿ 'ತಳಿ' ಅಂತ ಒಂದು ಫೀಲ್ಡ್, ಅಂದರೆ ಮಾಹಿತಿ ತುಂಬೋ ಜಾಗ, ಇಟ್ಟೆ. ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ ಕಸಕ್ಕೆ ಹೋಯಿತು. ಒಂದು ಕ್ಲಾಸಿನ ಗುಣ ಇನ್ನೊಂದು ಪಡೆಯೋ ಇನ್‌ಹೆರಿಟೆನ್ಸ್ ಪಾಠ ನನಗೆ ಆಗಿದ್ದು ಆವತ್ತೇ.

ಇದಾದ ಮೇಲೆ ನಿಜವಾದ ಫಜೀತಿ ಶುರು.

ಒಂದು ಗುರುವಾರದ ಪೇಟೆಯ ಲೆಕ್ಕ ಪೂರ್ತಿ ಟೈಪ್ ಮಾಡಿದೆ, ನೂರಾ ನಲವತ್ತು ಚಿಲ್ಲರೆ ಲಾಟ್. ಒಂದು ಪಟ್ಟಿಯಲ್ಲಿ ಲಾಟ್‌ಗಳು, ಇನ್ನೊಂದರಲ್ಲಿ ಟೆಂಡರ್ ದರಗಳು. ನಂಬರ್ ಹೋಲಿಸಿ ದರ ಹುಡುಕಬೇಕು. ಓಡಿಸಿದೆ. ಬಿಲ್ಲುಗಳು ಸರಸರ ಬಂದವು. ಕೊನೆಯಲ್ಲಿ ಮಾತ್ರ ಒಂದಿಷ್ಟು ಲಾಟ್‌ಗೆ 'ದರ ಸಿಗಲಿಲ್ಲ' ಅಂತ ಬಂತು. ಟೈಪ್ ಮಾಡುವಾಗ ತಪ್ಪಾಗಿರಬೇಕು ಅಂತ ಮತ್ತೆ ಟೈಪ್ ಮಾಡಿದೆ. ಅದೇ ಕಥೆ. ಫೈಲಿನಲ್ಲಿ ಎಲ್ಲೋ ಸ್ಪೇಸ್ ಸೇರಿರಬೇಕು ಅಂದುಕೊಂಡೆ. ಅದೂ ಅಲ್ಲ. ರಾತ್ರಿ ಎರಡು ಗಂಟೆ ಆಯಿತು. ಸ್ಕ್ರೀನ್ ಮೇಲೆ ನಂಬರ್ ಎರಡೂ ಕಡೆ 131, 131 ಅಂತಲೇ ಕಾಣುತ್ತದೆ. ಜಾವಾ ಮಾತ್ರ ಎರಡೂ ಒಂದೇ ಅಲ್ಲ ಅನ್ನುತ್ತದೆ!

ಮರುದಿನ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವ ಒಬ್ಬ ಸೀನಿಯರ್‌ನನ್ನು ಹಿಡಿದೆ. ಗಿರ್ಮಿಟ್ ಕೊಡಿಸಿದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಅವನು ಕೋಡ್ ನೋಡಲೇ ಇಲ್ಲ.

"ಎಲ್ಲೀತನಕಾ ಸರಿ ಬರತೈತಿ?"

"ನೂರಾ ಇಪ್ಪತ್ತೇಳರತನಕಾ ಅಣ್ಣಾ."

ನಕ್ಕುಬಿಟ್ಟ. "ಎರಡು ಈಕ್ವಲ್ ಹಾಕಿ ಹೋಲಿಸಿಯಲ್ಲಾ?"

ಹೌದು, ಹಾಗೇ ಹೋಲಿಸಿದ್ದೆ. ನನ್ನ ಲಾಟ್ ನಂಬರ್ ಇದ್ದದ್ದು ಇಂಟ್ ಅಲ್ಲ, ಇಂಟಿಜರ್. ಇಂಟ್ ಅಂದರೆ ಬರೀ ಅಂಕಿ. ಇಂಟಿಜರ್ ಅಂದರೆ ಆ ಅಂಕಿಯನ್ನು ಒಳಗಿಟ್ಟು ಕಟ್ಟಿದ ಪೊಟ್ಟಣ, ಅದೊಂದು ಆಬ್ಜೆಕ್ಟ್. == ಹಾಕಿದರೆ ಜಾವಾ ಕೇಳೋದು 'ಇವೆರಡೂ ಅದೇ ಪೊಟ್ಟಣವಾ?' ಅಂತ. ಒಳಗಿನ ಅಂಕಿ ಒಂದೇನಾ ಅಂತ ಕೇಳಬೇಕಿದ್ದರೆ ಈಕ್ವಲ್ಸ್ ಅನ್ನೋ ಮೆಥಡ್, ಅಂದರೆ ಆಬ್ಜೆಕ್ಟ್ ಮಾಡೋ ಒಂದು ಕೆಲಸ, ಕರೆಯಬೇಕು. ಹಾಗಾದರೆ 127ರವರೆಗೆ ಹೇಗೆ ಸರಿ ಬಂತು? ಮೈನಸ್ 128ರಿಂದ 127ರವರೆಗಿನ ಅಂಕಿಗಳು ಪದೇ ಪದೇ ಬೇಕಾಗುತ್ತವೆ ಅಂತ ಜಾವಾ ಅವುಗಳ ಪೊಟ್ಟಣ ಮೊದಲೇ ಕಟ್ಟಿಟ್ಟುಕೊಂಡಿರುತ್ತದೆ. ಯಾರು ಕೇಳಿದರೂ ಅದನ್ನೇ ಕೊಡುತ್ತದೆ. 128 ಕೇಳಿದರೆ ಪ್ರತಿ ಸಲ ಹೊಸ ಪೊಟ್ಟಣ. ಲ್ಯಾಬ್‌ನ ಹತ್ತು ಸಾಲಿನ ಡೇಟಾದಲ್ಲಿ ಇದು ಜನ್ಮದಲ್ಲಿ ಸಿಗುತ್ತಿರಲಿಲ್ಲ.

ಒಂದು ಸಾಲು ತಿದ್ದಿದೆ, ಎಲ್ಲ ಲಾಟ್‌ಗೂ ದರ ಬಂತು. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಎರಡು ಆಬ್ಜೆಕ್ಟ್ 'ಒಂದೇ' ಅಂತ ಹೇಳೋರು ಯಾರು?

ರೈತರ ವಿಷಯಕ್ಕೆ ಬಂದಾಗ ಉತ್ತರ ಸಿಕ್ಕಿತು. ಒಬ್ಬನೇ ರೈತ ಎರಡು ಲಾಟ್ ತಂದರೆ ಬಿಲ್ ಒಂದೇ ಆಗಬೇಕು. ಹೆಸರು ಹೋಲಿಸಿದರೆ ಆಗೋದಿಲ್ಲ, ಒಂದೇ ಊರಿನಲ್ಲಿ ನಾಲ್ಕು ಜನ ಬಸಪ್ಪ ಇರುತ್ತಾರೆ. ಬಳ್ಳಾರಿ, ರಾಯಚೂರು ಕಡೆಯಿಂದಲೂ ಮಾಲು ಬರುತ್ತದೆ, ಅಲ್ಲೂ ಬಸಪ್ಪ. ಕಾಕಾಗೆ ಫೋನ್ ಮಾಡಿದೆ. "ಖಾತೆ ನಂಬರ್ ನೋಡಬೇಕಪಾ, ಹೆಸರು ನೋಡಿ ಯಾರರ ರೊಕ್ಕಾ ಕೊಡತಾರನು?" ಅಂದರು. ರೈತ ಕ್ಲಾಸಿಗೆ ನಾನೇ ಈಕ್ವಲ್ಸ್ ಬರೆದೆ, ಖಾತೆ ನಂಬರ್ ಒಂದೇ ಆದರೆ ರೈತ ಒಬ್ಬನೇ ಅಂತ. ರೈತ ಯಾರು ಅಂತ ಕೊಟ್ಟರೆ ಅವನ ಬಿಲ್ ಹುಡುಕಿ ಕೊಡೋ ಹ್ಯಾಶ್‌ಮ್ಯಾಪ್‌ಗೆ ಹಾಕಿದೆ. ಆದರೂ ಒಬ್ಬನಿಗೆ ಎರಡು ಬಿಲ್! ಈ ಸಲ ಅರ್ಧ ದಿನದಲ್ಲಿ ಸಿಕ್ಕಿತು. ಈಕ್ವಲ್ಸ್ ಬದಲಿಸಿದರೆ ಆಬ್ಜೆಕ್ಟ್‌ಗೆ ಒಂದು ಅಂಕಿ ಕೊಡೋ ಹ್ಯಾಶ್‌ಕೋಡ್ ಕೂಡ ಬದಲಿಸಬೇಕು. ಮ್ಯಾಪ್ ಮೊದಲು ಹ್ಯಾಶ್‌ಕೋಡ್ ನೋಡಿ ಯಾವ ಖಾನೆ ಅಂತ ಹುಡುಕುತ್ತದೆ. ಖಾನೆಯೇ ಬೇರೆ ಆದಮೇಲೆ ಈಕ್ವಲ್ಸ್‌ನ ಮಾತು ಬರುವುದೇ ಇಲ್ಲ.

ಎನ್‌ಕ್ಯಾಪ್ಸುಲೇಷನ್, ಅಂದರೆ ಕ್ಲಾಸಿನ ಒಳಗಿನದನ್ನು ಹೊರಗಿನವರು ಮುಟ್ಟದಂತೆ ಕಾಯೋದು, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಎಲ್ಲ ಫೀಲ್ಡ್‌ಗೂ ಪ್ರೈವೇಟ್ ಹಾಕಿ, ಕೋಡ್ ಬರೆಯೋ ಎಕ್ಲಿಪ್ಸ್‌ನಲ್ಲಿ ಒಂದು ಗುಂಡಿ ಒತ್ತಿ ಎಲ್ಲದಕ್ಕೂ ಹೊರಗಿನಿಂದ ಓದೋ ಗೆಟ್ಟರ್, ಬದಲಿಸೋ ಸೆಟ್ಟರ್ ಮಾಡಿಕೊಂಡಿದ್ದೆ. ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿ ಕೀಲಿಕೈ ಅದರ ಮೇಲೇ ಇಟ್ಟ ಹಾಗೆ. ಬೇರೆ ಯಾವುದೋ ಮೆಥಡ್ ಲಾಟ್‌ಗಳ ಪಟ್ಟಿಯನ್ನು ಗೆಟ್ಟರ್‌ನಿಂದ ತಗೊಂಡು ಖಾಲಿ ಮಾಡಿದ ಮೇಲೆ ಬುದ್ಧಿ ಬಂತು.

ಪಾಲಿಮಾರ್ಫಿಸಂ, ಅಂದರೆ ಒಂದೇ ಪ್ರಶ್ನೆಗೆ ಒಂದೊಂದು ಆಬ್ಜೆಕ್ಟ್ ತನ್ನದೇ ರೀತಿ ಉತ್ತರ ಕೊಡೋದು, ಅದು ಮಾತ್ರ ನನಗೆ ನಿಜವಾಗಿ ಖುಷಿ ಕೊಟ್ಟಿತು. ಬಿಲ್ ಕ್ಲಾಸಿನಲ್ಲಿ ಖರ್ಚು ಕಳೆಯೋದಕ್ಕೆ ಉದ್ದನೆಯ ಇಫ್-ಎಲ್ಸ್ ಇತ್ತು. ಹಮಾಲಿ ಆದರೆ ಚೀಲದ ಲೆಕ್ಕ, ಕೋಲ್ಡ್ ಸ್ಟೋರೇಜ್ ಬಾಡಿಗೆ ಆದರೆ ಚೀಲವನ್ನೂ ನೋಡಬೇಕು, ಇಟ್ಟ ಕಾಲವನ್ನೂ ನೋಡಬೇಕು, ಮುಂಗಡ ಆದರೆ ನೇರ ಮೊತ್ತ. ಕಾಯಿಯಲ್ಲಿ ನಾನು ಹುಡುಕಿದ ವ್ಯತ್ಯಾಸ ಇದ್ದದ್ದು ಇಲ್ಲಿ! ಇವುಗಳ ಕೆಲಸ ಮಾಡೋ ರೀತಿಯೇ ಬೇರೆ. 'ಖರ್ಚು' ಅಂತ ಒಂದು ಇಂಟರ್‌ಫೇಸ್, ಅಂದರೆ ಕ್ಲಾಸ್ ಏನು ಮಾಡಲೇಬೇಕು ಅನ್ನೋ ಕರಾರು, ಮಾಡಿದೆ, ಒಳಗೆ ಒಂದೇ ಮೆಥಡ್: ಈ ಲಾಟ್‌ಗೆ ಎಷ್ಟು? ಹಮಾಲಿ, ಬಾಡಿಗೆ, ಮುಂಗಡ ಒಂದೊಂದೂ ಒಂದು ಕ್ಲಾಸ್, ಒಂದೊಂದಕ್ಕೂ ಅದರದೇ ಲೆಕ್ಕ. ಬಿಲ್ ಈಗ ಖರ್ಚುಗಳ ಪಟ್ಟಿ ಹಿಡಿದು ಒಬ್ಬೊಬ್ಬರನ್ನೂ 'ನಿಂದೆಷ್ಟು?' ಅಂತ ಕೇಳಿ ಕೂಡಿಸುತ್ತದೆ. ಯಾವ ಖರ್ಚು ಅಂತ ಅದಕ್ಕೆ ಗೊತ್ತೂ ಇಲ್ಲ, ಬೇಕಾಗೂ ಇಲ್ಲ. ಕಾಕಾ ಆಮೇಲೆ "ಚೀಲದ ರೊಕ್ಕಾ ಬಿಟ್ಟೀಯಲ್ಲೋ" ಅಂದಾಗ ಒಂದು ಹೊಸ ಪುಟ್ಟ ಕ್ಲಾಸ್ ಬರೆದು ಪಟ್ಟಿಗೆ ಸೇರಿಸಿದೆ. ಬಿಲ್ ಕ್ಲಾಸಿನ ಒಂದಕ್ಷರ ಮುಟ್ಟಲಿಲ್ಲ.

ಆಮೇಲೊಮ್ಮೆ ಓದುವಾಗ ಗೊತ್ತಾಯಿತು. ಕ್ಲಾಸ್, ಸಬ್‌ಕ್ಲಾಸ್ ಅನ್ನೋ ಕಲ್ಪನೆ ಬಂದದ್ದು ಸಿಮ್ಯುಲಾ 67 ಭಾಷೆಯಿಂದ. ನಾರ್ವೆಯ ಓಸ್ಲೋದಲ್ಲಿ ಡಾಲ್ ಮತ್ತು ನ್ಯೂಗಾರ್ಡ್ ಅನ್ನೋ ಇಬ್ಬರು ಕಟ್ಟಿದ್ದು. ಹೊರಗಿನ ಕೆಲಸಗಳು, ಸರದಿ ಸಾಲುಗಳು ಹೇಗೆ ನಡೆಯುತ್ತವೆ ಅನ್ನೋದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಬೇಕು ಅಂತ ಹೊರಟವರು ಅವರು. ಜಾವಾ ಬಂದದ್ದು 1995ರಲ್ಲಿ, ಅಷ್ಟು ವರ್ಷದ ನಂತರ. ಇದನ್ನು ಮೊದಲ ದಿನವೇ ಹೇಳಿದ್ದರೆ ನಾಯಿ ಬೊಗಳಿಸೋದು ಸ್ವಲ್ಪ ಕಮ್ಮಿ ಆಗುತ್ತಿತ್ತೇನೋ. ಪರೀಕ್ಷೆಯಲ್ಲಿ ಬಂದದ್ದು ಮಾತ್ರ ಅಬ್‌ಸ್ಟ್ರಾಕ್ಟ್ ಕ್ಲಾಸಿಗೂ ಇಂಟರ್‌ಫೇಸಿಗೂ ಇರುವ ವ್ಯತ್ಯಾಸ. ಬಾಯಿಪಾಠ ಮಾಡಿದ್ದನ್ನೇ ಬರೆದೆ, ಮಾರ್ಕ್ಸ್ ಬಂತು.

ಮುಂದಿನ ವರ್ಷ ಜೂನಿಯರ್ ಒಬ್ಬಳು ಪ್ರಾಜೆಕ್ಟ್‌ಗೆ ಏನು ಮಾಡಲಿ ಅಂತ ಕೇಳಿದಳು. ಗದಗ-ಬೆಟಗೇರಿಯವಳು, ಮನೆಯಲ್ಲಿ ಮಗ್ಗ ಇದೆ. ಮನೆಯ ಲೆಕ್ಕದ ವಹಿ ತಗೊಂಡು ಬಾ ಅಂದೆ. ವಾರ ಬಿಟ್ಟು ಬಂದಳು. ಸೀರೆ ಅಂತ ಒಂದು ಕ್ಲಾಸ್, ಅದರ ಕೆಳಗೆ ಏಳು ಸಬ್‌ಕ್ಲಾಸ್.

"ಇದರಾಗ ಯಾವ ಸೀರಿ ಬ್ಯಾರೆ ಕೆಲಸಾ ಮಾಡತೈತಿ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದಳು. "ಅಯ್ಯ ಅಣ್ಣಾ, ಎಲ್ಲಾ ಉಡೋದ ಅಲ್ಲೇನು" ಅಂತ ಏಳನ್ನೂ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದಳು.