ಎಟಿವಿಯ ಹಿಂದಿನ ಬ್ರೇಕ್ ಪ್ಯಾಡ್ ಕೂರ್ತಿಲ್ವಾ? ಸುತ್ತಿಗೆ ಪಕ್ಕಕ್ಕಿಡಿ

ಎಟಿವಿಯ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕಿನ, ಹಳೆ ಪ್ಯಾಡ್ ಬಿಚ್ಚಿ ಆಯಿತು, ಹೊಸದನ್ನು ಕ್ಯಾಲಿಪರ್‌ಗೆ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗಕ್ಕೆ) ಹಾಕಿಯೂ ಆಯಿತು. ಇನ್ನೇನು ಡಿಸ್ಕ್ ಮೇಲೆ ಕೂರಿಸಬೇಕು ಅನ್ನುವಾಗ ಒಂದೆರಡು ಮಿಲಿಮೀಟರ್ ಜಾಗ ಸಾಲುವುದಿಲ್ಲ. ಆಗ ಕೈ ತಾನಾಗಿಯೇ ಸುತ್ತಿಗೆ ಕಡೆ ಹೋಗುತ್ತದೆ. ಬೇಡ. ಹೊಡೆದು ತುರುಕಿದ ಪ್ಯಾಡ್ ಡಿಸ್ಕನ್ನು ಬಿಡುವುದೇ ಇಲ್ಲ, ಓಡಿಸುತ್ತಾ ಕಾಯುತ್ತದೆ, ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ.

ಅಂಗಡಿಯವನು ತಪ್ಪು ಪ್ಯಾಡ್ ಕೊಟ್ಟ ಅಂತಲೇ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಇರಬಹುದು, ನೋಡಲು ಒಂದು ನಿಮಿಷ ಸಾಕು. ಹಳೆಯದರ ಬೆನ್ನಿಗೆ ಹೊಸದರ ಬೆನ್ನು ತಾಗಿಸಿ ಹಿಡಿಯಿರಿ. ತಗಡಿನ ಆಕಾರ, ಎರಡೂ ತುದಿಯ ಕಿವಿ, ಪಿನ್ ತೂತುಗಳ ನಡುವಿನ ದೂರ ಇವೆಲ್ಲ ಒಂದೇ ಇರಬೇಕು. ಕೆಲವು ಕ್ಯಾಲಿಪರ್‌ಗಳಲ್ಲಿ ಒಳಗಿನ ಪ್ಯಾಡೇ ಬೇರೆ, ಹೊರಗಿನದೇ ಬೇರೆ, ಹಾಗಾಗಿ ಒಳಗಿನದನ್ನು ಒಳಗಿನದಕ್ಕೇ ಹೋಲಿಸಿ. ತೂತು ಕೂಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಗಾಡಿಯ ಮಾಡೆಲ್ ಜೊತೆ ವರ್ಷವನ್ನೂ ಹೇಳಿ ಬದಲಾಯಿಸಿಕೊಳ್ಳಿ. ಹೆಸರು ಅದೇ ಇದ್ದರೂ ವರ್ಷ ಬದಲಾದಾಗ ಕ್ಯಾಲಿಪರ್ ಬದಲಾಗಿರಬಹುದು.

ಪ್ಯಾಡ್ ಸರಿಯಿದೆ ಅಂದರೆ ಜಾಗ ತಿಂದಿರುವುದು ಬೇರೆ ಯಾವುದೋ. ಹೆಚ್ಚಾಗಿ ಅದು ಪಿಸ್ಟನ್, ಅಂದರೆ ಕ್ಯಾಲಿಪರ್ ಒಳಗಿಂದ ಪ್ಯಾಡನ್ನು ತಳ್ಳುವ ಉರುಳೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬರುತ್ತದೆ, ಹಿಂದೆ ಆಯಿಲ್ ತುಂಬಿಕೊಳ್ಳುತ್ತದೆ. ಹೊಸ ಪ್ಯಾಡ್ ದಪ್ಪ, ಅದಕ್ಕೆ ಪಿಸ್ಟನ್ ಪೂರ್ತಿ ಒಳಗೆ ಹೋಗಲೇಬೇಕು. ಒತ್ತುವ ಮೊದಲು ಹೊರಗೆ ಕಾಣುವ ಪಿಸ್ಟನ್ ಭಾಗವನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಎಟಿವಿಯ ಹಿಂಭಾಗ ಅಂದರೆ ಕೆಸರಿನ ಮನೆ. ಆ ಕೆಸರನ್ನೇ ಒಳಗೆ ತಳ್ಳಿದರೆ ಸೀಲ್ ಹರಿಯುತ್ತದೆ. ಆಮೇಲೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆಯಿರಿ, ತುಂಬಿದ್ದರೆ ಸ್ವಲ್ಪ ಆಯಿಲ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಉಕ್ಕಿ ಚೆಲ್ಲಿ ಗಾಡಿಯ ಪೇಂಟ್ ಎದ್ದು ಬರುತ್ತದೆ. ಹಳೆ ಪ್ಯಾಡನ್ನು ಪಿಸ್ಟನ್ ಮೇಲೆ ಅಡ್ಡ ಇಟ್ಟು, ಸಿ ಕ್ಲ್ಯಾಂಪ್ (ಸಿ ಆಕಾರದ, ಸ್ಕ್ರೂ ತಿರುಗಿಸಿ ಬಿಗಿಯುವ ಹಿಡಿಕೆ) ಹಾಕಿ, ನೇರವಾಗಿ ನಿಧಾನಕ್ಕೆ ಬಿಗಿಯುತ್ತಾ ಬನ್ನಿ.

ಅರ್ಧಕ್ಕೆ ನಿಂತುಬಿಟ್ಟಿತಾ? ಕ್ಲ್ಯಾಂಪ್ ಇನ್ನೂ ಬಿಗಿಯಬೇಡಿ, ಕ್ಯಾಲಿಪರ್‌ನ ಹಿಂಬದಿ ನೋಡಿ. ತುಂಬ ಎಟಿವಿಗಳಲ್ಲಿ, ಅದರಲ್ಲೂ ವೇಗಕ್ಕೆಂದೇ ಮಾಡಿದ ಸ್ಪೋರ್ಟ್ ಕ್ವಾಡ್‌ಗಳಲ್ಲಿ, ಪಾರ್ಕಿಂಗ್ ಬ್ರೇಕ್ ಇರುವುದು ಇದೇ ಕ್ಯಾಲಿಪರ್‌ನಲ್ಲಿ. ಕೇಬಲ್ ಎಳೆಯುವ ಒಂದು ಚಿಕ್ಕ ತೋಳು, ಅದರ ನಡುವೆ ಒಂದು ಬೋಲ್ಟು, ಅದರ ಮೇಲೊಂದು ಲಾಕ್ ನಟ್ಟು ಕಾಣುತ್ತವೆ. ಆ ಬೋಲ್ಟು ಪಿಸ್ಟನ್ನನ್ನು ಹಿಂದಿನಿಂದ ತಳ್ಳುತ್ತದೆ. ಹಳೆ ಪ್ಯಾಡ್ ಸವೆಯುತ್ತಾ ಹೋದಾಗ ಯಾರೋ ಅದನ್ನು ಬಿಗಿ ಮಾಡುತ್ತಾ ಬಂದಿರುತ್ತಾರೆ, ಈಗ ಅದೇ ಅಡ್ಡ ನಿಂತಿದೆ. ನಾನು ಮೊದಲ ಸಲ ಇದು ಗೊತ್ತಿಲ್ಲದೆ ಅರ್ಧ ಗಂಟೆ ಕ್ಲ್ಯಾಂಪ್ ಜೊತೆ ಕುಸ್ತಿ ಮಾಡಿದ್ದೆ, ಆ 'ಯಾರೋ' ಕೂಡ ನಾನೇ ಆಗಿದ್ದೆ. ಕೇಬಲ್ ಸಡಿಲ ಮಾಡಿ, ಲಾಕ್ ನಟ್ಟು ಬಿಟ್ಟು, ಬೋಲ್ಟನ್ನು ಕೆಲವು ಸುತ್ತು ಹಿಂದಕ್ಕೆ ತಿರುಗಿಸಿದರೆ ಪಿಸ್ಟನ್ ಸಲೀಸಾಗಿ ಒಳಗೆ ಹೋಗುತ್ತದೆ. ಪ್ಯಾಡ್ ಕೂರಿಸಿದ ಮೇಲೆ ಇದನ್ನು ಮತ್ತೆ ಅಡ್ಜಸ್ಟ್ ಮಾಡಬೇಕು, ಎಷ್ಟು ಸುತ್ತು ಅನ್ನುವುದಕ್ಕೆ ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ.

ಇಷ್ಟಾದರೂ ಅಲುಗುತ್ತಿಲ್ಲ ಅಂದರೆ ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್‌ಗೆ (ಬ್ರೇಕ್ ಆಯಿಲ್‌ನ ಗಾಳಿ ತೆಗೆಯುವ ಮೂತಿಗೆ) ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಗೆ ಬಿಟ್ಟು, ನಿಪ್ಪಲ್ ಸ್ವಲ್ಪ ಸಡಿಲಿಸಿ ಒತ್ತಿ ನೋಡಿ. ಆಗ ಹೋಯಿತು ಅಂದರೆ ಕ್ಯಾಲಿಪರ್ ಚೆನ್ನಾಗಿದೆ, ಆಯಿಲ್ ವಾಪಸ್ ಹೋಗುವ ದಾರಿಯೇ ಕಟ್ಟಿದೆ: ಹೋಸ್ ಒಳಗೇ ಊದಿಕೊಂಡಿರಬಹುದು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸಣ್ಣ ತೂತು ಮುಚ್ಚಿರಬಹುದು, ಇಲ್ಲವೇ ಪೆಡಲ್‌ಗೆ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಸ್ವಲ್ಪ ಸಡಿಲ) ಇಲ್ಲದೆ ಸಿಲಿಂಡರ್ ಸದಾ ಒತ್ತಿಕೊಂಡಿರಬಹುದು. ಆಗಲೂ ಹೋಗಲಿಲ್ಲವಾ? ಪಿಸ್ಟನ್ ತುಕ್ಕು ಹಿಡಿದಿದೆ, ಕ್ಯಾಲಿಪರ್ ಬಿಚ್ಚಿ ಸೀಲ್ ಬದಲಾಯಿಸಲೇಬೇಕು. ನಿಪ್ಪಲ್ ಬಿಟ್ಟಿದ್ದೀರಿ ಅಂದಮೇಲೆ ಕೊನೆಗೆ ಗಾಳಿ ತೆಗೆಯುವುದನ್ನು ಮರೆಯಬೇಡಿ.

ಪಿಸ್ಟನ್ ಪೂರ್ತಿ ಒಳಗಿದ್ದರೂ ಬಿಗಿ ಅನ್ನಿಸಿದರೆ ಸ್ಲೈಡ್ ಪಿನ್ ನೋಡಿ. ಒಂದೇ ಕಡೆ ಪಿಸ್ಟನ್ ಇರುವ ಕ್ಯಾಲಿಪರ್ ಆ ಪಿನ್ನುಗಳ ಮೇಲೆ ಅತ್ತಿತ್ತ ಸರಿಯಬೇಕು, ಕೈಯಿಂದ ತಳ್ಳಿದರೆ ಜಾರಬೇಕು. ತುಕ್ಕು ಉಜ್ಜಿ ತೆಗೆದು ಬ್ರೇಕ್‌ಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿ, ಮಾಮೂಲಿ ಗ್ರೀಸ್ ರಬ್ಬರ್ ಊದಿಸುತ್ತದೆ. ಪ್ಯಾಡಿನ ಕಿವಿ ಕೂರುವ ಜಾಗದಲ್ಲಿ ಗಟ್ಟಿ ಕೆಸರು ಕೂತಿರುತ್ತದೆ, ಕೆರೆದು ತೆಗೆಯಿರಿ. ಸ್ಪ್ರಿಂಗ್ ಕ್ಲಿಪ್ ತಲೆಕೆಳಗಾಗಿ ಕೂತಿರುವುದೂ ಜಾಸ್ತಿ, ಅದಕ್ಕೇ ಬಿಚ್ಚುವಾಗ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಿವಿಯ ಮೇಲೆ ಪೇಂಟ್ ದಪ್ಪಗಿದ್ದರೆ ಅರದಿಂದ ಪೇಂಟ್ ಮಾತ್ರ ಉಜ್ಜಿ. ಡಿಸ್ಕಿಗೆ ಒತ್ತುವ ಮೈಯನ್ನು ಉಜ್ಜಿ ತೆಳ್ಳಗೆ ಮಾಡುವವರೂ ಇದ್ದಾರೆ, ದಯವಿಟ್ಟು ಬೇಡ. ಡಿಸ್ಕಿನ ಅಂಚಲ್ಲಿ ಏಣು ಎದ್ದಿದ್ದರೂ ಪ್ಯಾಡ್ ತಡೆಯುತ್ತದೆ. ಡಿಸ್ಕ್ ಕನಿಷ್ಠ ಎಷ್ಟು ದಪ್ಪ ಇರಬೇಕು ಅನ್ನುವುದು ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತದೆ, ಅಳೆದು ನೋಡಿ.

ಎಲ್ಲ ಜೋಡಿಸಿ, ಆಯಿಲ್ ಮಟ್ಟ ನೋಡಿ ಮುಚ್ಚಳ ಹಾಕಿದ ಮೇಲೆ, ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ, ಮೊದಲ ಒಂದೆರಡು ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಹಿಂದಿನ ಚಕ್ರಗಳು ಸ್ಟ್ಯಾಂಡ್ ಮೇಲೆ ಇರುವಾಗಲೇ ನ್ಯೂಟ್ರಲ್‌ಗೆ ಹಾಕಿ ಕೈಯಿಂದ ತಿರುಗಿಸಿ. ಸಣ್ಣಗೆ ಉಜ್ಜುವ ಸದ್ದು ಬಂದರೆ ಪರವಾಗಿಲ್ಲ, ತಿರುಗಿಸಲು ಕಷ್ಟ ಆಗಬಾರದು. ಆಮೇಲೆ ಒಂದು ಸಣ್ಣ ಸುತ್ತು ನಿಧಾನಕ್ಕೆ ಓಡಿಸಿ ಬಂದು ಡಿಸ್ಕಿನ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಬ್ರೇಕನ್ನು ಅಷ್ಟಾಗಿ ಒತ್ತದಿದ್ದರೂ ಬೆಂಕಿಯ ಹಾಗೆ ಸುಡುತ್ತಿದ್ದರೆ ಪ್ಯಾಡ್ ಇನ್ನೂ ಹಿಡಿದುಕೊಂಡಿದೆ, ಮತ್ತೆ ಪಿಸ್ಟನ್‌ನಿಂದಲೇ ಶುರು ಮಾಡಿ.