ಅಂಟಿಗೆ-ಪಂಟಿಗೆ ಪದಕ್ಕೆ ಗಿಟಾರ್ ಸೇರ್ಸಿದ್ದು ಹೆಂಗೆ: ನನ್ನ ಅನುಭವ

ಗಾಯಕ ರಘು ದೀಕ್ಷಿತ್ ಅವ್ರ ಮೊದಲ್ನೇ ಆಲ್ಬಮ್ 2008ರಲ್ಲಿ ಬಂದಾಗ ನಾನು ಶಿವಮೊಗ್ಗದಲ್ಲಿ ಕಾಲೇಜು ಓದ್ತಿದ್ದೆ. ಶರೀಫರ ತತ್ವಪದ ನಮಗೇನು ಹೊಸದಲ್ಲ, ಅಶ್ವತ್ಥ್ ಅವ್ರದ್ದು, ಶಿವಮೊಗ್ಗ ಸುಬ್ಬಣ್ಣ ಅವ್ರದ್ದು ಕ್ಯಾಸೆಟ್ ಕೇಳ್ಕೊಂಡೇ ಬೆಳೆದವ್ರು ನಾವು, ಆದ್ರೆ ಆ ಪದಗಳು ಗಿಟಾರು ಡ್ರಮ್ಸು ಹಾಕ್ಕೊಂಡು ಬಂದಾಗ ರೂಮಲ್ಲಿದ್ದವ್ರೆಲ್ಲ ಎದ್ದು ಕೂತ್ವಿ. ಮೈಸೂರಲ್ಲಿ ಬೆಳೆದು ಭರತನಾಟ್ಯ ಕಲಿತ ಮನುಷ್ಯ, ಲುಂಗಿ ಉಟ್ಟು ಗೆಜ್ಜೆ ಕಟ್ಕೊಂಡು ಹಾಡ್ತಾ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಶೋ ತನಕ ಹೋದ್ರು. ನಮ್ಮ ತೀರ್ಥಹಳ್ಳಿ ಕಡೆ ಪದಗಳಿಗೂ ಯಾಕೆ ಮಾಡ್ಬಾರ್ದು ಅನ್ನೋ ಹುಚ್ಚು ಹಿಡಿದಿದ್ದು ಅಲ್ಲಿಂದ.

ನಮ್ಮಲ್ಲಿ ದೀಪಾವಳಿ ರಾತ್ರಿ ಅಂಟಿಗೆ-ಪಂಟಿಗೆಯವ್ರು ದೀಪ ಹಿಡ್ಕೊಂಡು ಮನೆಮನೆ ಬಾಗ್ಲಿಗೆ ಬರ್ತಾರಲ್ಲ, ಅವ್ರಿಗೆ ವಾದ್ಯ ಇಲ್ಲ, ಶ್ರುತಿಪೆಟ್ಟಿಗೆನೂ ಇಲ್ಲ. ಮುಂದಿನವ್ರು ಸಾಲು ಮುಗಿಸೋದ್ರೊಳಗೇ ಹಿಂದಿನವ್ರು ಎತ್ಕೊಳ್ತಾರೆ, ಮಧ್ಯ ಗ್ಯಾಪೇ ಇರಲ್ಲ. ನಮ್ಮೂರಿನ ಹಿರಿಯರೊಬ್ರು ಪದ ಹೇಳಿಕೊಡೋಕೆ ಕೂತಾಗ ಮೊದ್ಲು ಹೇಳಿದ್ದೇ ಇದು: "ತಮಾ, ನೀ ಏನ್ ಬೇಕಾರ್ ಬಾರ್ಸು, ನನ್ನ ಉಸಿರಿಗೆ ಅಡ್ಡ ಬರ್ಬೇಡ." ನಮ್ಮ ಬ್ಯಾಂಡಿನ ರೂಲು ಇವತ್ತಿಗೂ ಅದೊಂದೇ.

ಅದನ್ನ ಪಾಲಿಸೋದು ಹೆಂಗೆ ಅಂತ ಹೇಳ್ತೀನಿ. ಆ ಹಿರಿಯರ ಗಂಟಲು ನಿಲ್ಲೋದು ಸಿ ಶಾರ್ಪ್, ಡಿ ಅನ್ನೋ ಎರಡು ಸ್ವರಗಳ ನಡುವೆ ಎಲ್ಲೋ. ಸ್ವಲ್ಪ ಇಳಿಸಿ ಹೇಳಿ ಅಂತ ಕೇಳಿದ್ರೆ ಪದದ ಜೀವಾನೇ ಹೋಗತ್ತೆ, ಅದಕ್ಕೆ ನಾನು ಶ್ರುತಿ ನೋಡೋ ಟ್ಯೂನರಲ್ಲಿ 440 ಹರ್ಟ್ಸ್ ಇರೋದನ್ನ 452ರ ಹತ್ರ ಏರ್ಸಿ, ಗಿಟಾರಿನ ಮೊದಲ್ನೇ ಫ್ರೆಟ್ಟಿಗೆ (ಮನೆಗೆ) ಕೇಪೋ, ಅಂದ್ರೆ ತಂತಿಗಳನ್ನ ಒತ್ತಿಹಿಡಿಯೋ ಕ್ಲಿಪ್ಪು, ಹಾಕ್ತೀನಿ, ಬೇಸ್ ಗಿಟಾರಿನವ್ನೂ ಅದಕ್ಕೇ ಕೂಡಿಸ್ಕೊಳ್ತಾನೆ. ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಜಾಸ್ತಿ ಬದಲಾಯಿಸಲ್ಲ, ಷಡ್ಜ ಪಂಚಮ ಮೀಟ್ತಾ ಇದ್ರೆ ಸಾಕು, ಮೂರ್ನಾಲ್ಕು ಸ್ವರದಲ್ಲೇ ಓಡಾಡೋ ಪದಕ್ಕೆ ಸಾಲಿಗೊಂದು ಕಾರ್ಡ್ ತುರುಕಿದ್ರೆ ಸಿನಿಮಾ ಹಾಡಾಗಿಬಿಡತ್ತೆ. ಒಂದೇ ವೇಗದಲ್ಲಿ ಟಿಕ್ ಟಿಕ್ ಅಂತ ತಾಳ ಹಾಕೋ ಕ್ಲಿಕ್ ಟ್ರ್ಯಾಕ್ ಅಂತೂ ಹಾಕೋದೇ ಇಲ್ಲ, ಯಾಕಂದ್ರೆ ಹೇಳ್ತಾ ಹೇಳ್ತಾ ಪದಕ್ಕೆ ವೇಗ ತಾನಾಗೇ ಬರತ್ತೆ, ಅದನ್ನ ಕಟ್ಟಿಹಾಕೋದು ಅನ್ಯಾಯ.

ಡೊಳ್ಳಿನ ವಿಷ್ಯನೇ ಬೇರೆ. ಸಾಗರದ ಕಡೆ ಹುಡುಗ್ರು ಡೊಳ್ಳು ತಂದು ಸೇರ್ಕೊಂಡ ಮೇಲೆ ನಮ್ಮ ಡ್ರಮ್ಮರ್ ಕಿಕ್ (ಕಾಲಲ್ಲಿ ಬಾರ್ಸೋ ದೊಡ್ಡ ಡ್ರಮ್ಮು) ಹೊಡೆಯೋದೇ ಬಿಟ್ಟ, ಎರಡೂ ಒಂದೇ ಕಡೆ ಗುದ್ದಿದ್ರೆ ಸ್ಪೀಕರಲ್ಲಿ ಬರೀ ಗುಂಯ್ ಅನ್ನತ್ತೆ, ಮಾತು ಕೇಳ್ಸಲ್ಲ. ಕಿಕ್ಕಿನ ಮೈಕನ್ನ ಡೊಳ್ಳಿನ ದಪ್ಪ ದನಿ ಬರೋ ಕಡೆಗೆ ಇಡ್ತೀವಿ. ಮಳೆಗಾಲದಲ್ಲಿ ಚರ್ಮ ತಂಡಿ ಹಿಡಿದು ಸಡಿಲ ಆಗತ್ತೆ, ಸ್ಟೇಜ್ ಹತ್ರ ಬೆಂಕಿ ಕಾಸಿ ಬಿಗಿ ಮಾಡ್ಕೊಂಡೇ ಹತ್ತೋದು. ಗಣಪತಿ ಪ್ರೋಗ್ರಾಂಗಳಲ್ಲಿ ಸೌಂಡ್ ಚೆಕ್ಕಿಗೆ ಟೈಮೇ ಕೊಡಲ್ಲ, ಆದ್ರೂ ಈ ಬೆಂಕಿಗೆ ಮಾತ್ರ ಜಾಗ ಕೇಳಿ ಇಸ್ಕೊಳ್ತೀವಿ.

ಪ್ರಾಕ್ಟೀಸ್ ನಮ್ಮನೆ ಅಡಿಕೆ ಅಟ್ಟದ ಕೆಳಗೆ. ಕೊಯ್ಲು ಶುರುವಾದ್ರೆ ಅದೂ ಬಂದ್, ಅರ್ಧ ಬ್ಯಾಂಡು ಸುಲಿಯೋ ಕೆಲ್ಸದಲ್ಲಿರತ್ತೆ.

ಈಗ ರೆಕಾರ್ಡಿಂಗ್ ನಡೀತಿದೆ. ಹಿರಿಯರ ದನಿ ಸ್ಟುಡಿಯೋದಲ್ಲಲ್ಲ, ಅವ್ರ ಮನೆ ಜಗಲಿ ಮೇಲೇ ತಗೊಂಡ್ವಿ, ಜೊತೆಯವ್ರು ಪಕ್ಕದಲ್ಲಿ ನಿಲ್ಲದೇ ಅವ್ರಿಗೆ ಪದ ಹೊರಡೋದೇ ಇಲ್ಲ. ಆಲ್ಬಮ್ಮಿನ ಮೇಲೆ ಮೊದ್ಲು ಬರೋ ಹೆಸ್ರು ಅವ್ರದ್ದು, ದುಡ್ಡು ಬಂದ್ರೆ ಅವ್ರ ತಂಡಕ್ಕೂ ನಮ್ಮಷ್ಟೇ ಪಾಲು ಅಂತ ಮೊದ್ಲೇ ಬರೆದಿಟ್ಟಿದೀವಿ.